ಅಕ್ಕನ ಊರಿಗೆ ಹೋದ ಚೀನೀ ಗುಳಿಗೆ

ನಮ್ಮಂಥ ಗೃಹಿಣಿಯರು ಊರು ಬಿಡುವುದೆಂದರೆ ಒಂದೋ ಮದುವೆ, ಇಲ್ಲವೇ ಜಾತ್ರೆ, ತಪ್ಪಿದರೆ ಬಾಣಂತನ. ಹೋದ ಎಳ್ಳಮಾವಾಸ್ಯೆಯ ಹೊತ್ತಿಗೆ ನಾನು ಸೊಲ್ಲಾಪುರದಿಂದ ಯಾದಗಿರಿಯ ರೈಲು ಹತ್ತಿದ್ದು ಈ ಮೂರರಲ್ಲಿ ಯಾವುದಕ್ಕೂ ಅಲ್ಲ. ಕಾರಣ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಿಮ್ಮಲ್ಲೂ ಯಾರಾದರೂ ನಾನು ಮಾಡಿದ್ದನ್ನೇ ಮಾಡುವ ಯೋಚನೆಯಲ್ಲಿರಬಹುದು.

ನನಗೀಗ 47. ಎರಡು ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡೂವರೆ ತಿಂಗಳಿಗೆ. ಒಲೆಯ ಮುಂದೆ ನಿಂತಿದ್ದರೆ ಎದೆಯಿಂದ ಮುಖಕ್ಕೆ ಝಳ ಏರಿ, ಬೆವರಿನಿಂದ ರವಿಕೆ ತೊಯ್ದು ಹೋಗುತ್ತದೆ. ಐದು ನಿಮಿಷಕ್ಕೆ ಏನೂ ಆಗಿಲ್ಲವೆಂಬಂತೆ ಇಳಿಯುತ್ತದೆ. ರವಿಕೆಯ ಮಾತು ಬಂತು. ನಾನು ಮನೆಯಲ್ಲೇ ಹೊಲಿಯುವವಳು. ಊಟ ಹೆಚ್ಚಿಲ್ಲ, ತಿಂಡಿ ಹೆಚ್ಚಿಲ್ಲ, ಆದರೂ ಬಗಲಿನ ಹೊಲಿಗೆ ಎರಡು ಸಲ ಬಿಚ್ಚಿದೆ. ಮೂರನೆಯ ಸಲ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಅದೇ ಟೇಪನ್ನು ಸೊಂಟಕ್ಕೆ ಸುತ್ತಿ ನೋಡಿದರೆ 92 ಸೆಂಟಿಮೀಟರ್!

ಪಕ್ಕದ ಮನೆಯ ಹುಡುಗ ಸಿಂಗಾಪುರದಿಂದ ರಜೆಗೆ ಬಂದಾಗ ಅವನ ತಾಯಿ ಎರಡು ಸೀಸೆ ಚೀನೀ ಗುಳಿಗೆ ಕೊಟ್ಟರು. “ಈ ವಯಸ್ಸಿನ ಹೆಂಗಸರಿಗೇ ಮಾಡಿದ್ದು, ಬರೀ ಗಿಡಮೂಲಿಕೆ, ಏನೂ ಅಪಾಯವಿಲ್ಲ” ಎಂದರು. ನಾನೊಂದು ಶುರು ಮಾಡಿದೆ. ಝಳ ಕಮ್ಮಿಯಾದಂತೆಯೇ ಅನಿಸಿತು. ಇನ್ನೊಂದನ್ನು, ಶಹಾಪುರದಲ್ಲಿ ಇದೇ ಸಂಕಟದಲ್ಲಿದ್ದ ನನ್ನ ಅಕ್ಕನಿಗೆ, ಮದುವೆಯೊಂದರಲ್ಲಿ ಸಿಕ್ಕಾಗ ಕೈಗಿತ್ತೆ. ಅಕ್ಕನಿಗೆ ಹನ್ನೆರಡು ವರ್ಷದ ಹಿಂದೆ ಹೃದಯದ ಕವಾಟ ಬದಲಿಸಿದ್ದಾರೆ. ದಿನಾ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಾಳೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ.

ನಾಲ್ಕು ವಾರಕ್ಕೆ ಫೋನು ಬಂತು. “ಏನಿಲ್ಲ ತಂಗಿ, ಹಲ್ಲು ತಿಕ್ಕಿದರ ರಕ್ತ ಬರ್ಲಿಕ್ಕತ್ಯಾದ. ಕೈಮ್ಯಾಲ ನೀಲಿ ನೀಲಿ ಕಲೆ ಆಗ್ಯಾವ. ಎಲ್ಲೂ ಬಡಕೊಂಡಿಲ್ಲ ನೋಡು.” ಸೀಸೆ ಮುಟ್ಟಬೇಡ, ಇವತ್ತೇ ಡಾಕ್ಟರಿಗೆ ತೋರಿಸು ಎಂದು ಹೇಳಿದೆನಾದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿನಲ್ಲಿದ್ದೆ.

ಚೀನೀ ಮದ್ದಿನ ಮೇಲೆ ನನಗೇಕೆ ಅಷ್ಟು ಬೇಗ ನಂಬಿಕೆ ಬಂತು? ರೈಲಿನ ಕಿಟಕಿಯಲ್ಲಿ ಕೂತು ಯೋಚಿಸಿದೆ. ಸೊಲ್ಲಾಪುರದವರಿಗೆ ಚೀನಾ ಎಂದರೆ ಮೊದಲು ನೆನಪಾಗುವುದು ಡಾಕ್ಟರ್ ಕೋಟ್ನಿಸ್. 1910ರಲ್ಲಿ ನಮ್ಮೂರಲ್ಲೇ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಇನ್ನೂ ನಾಲ್ವರು ಭಾರತೀಯ ವೈದ್ಯರೊಂದಿಗೆ ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆಗೆ ಚೀನಾಕ್ಕೆ ಹೋದರು. ಅಲ್ಲೇ ಮದುವೆಯಾಗಿ, 1942ರಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಶಾಂತಾರಾಮರ 1946ರ ಚಿತ್ರವನ್ನು ನಮ್ಮ ತಾಯಿ ನೆನೆಸಿಕೊಂಡು ಅಳುತ್ತಿದ್ದರು. ಆದರೆ ಕೋಟ್ನಿಸ್ ಅಲ್ಲಿ ಮಾಡಿದ್ದು ನಮ್ಮ ದವಾಖಾನೆಗಳ ಶಸ್ತ್ರಚಿಕಿತ್ಸೆಯನ್ನೇ ಹೊರತು ಚೀನೀ ವೈದ್ಯವನ್ನಲ್ಲ. ಆ ತಂಡದ ಮತ್ತೊಬ್ಬರು, ಕಲಕತ್ತೆಯ ಡಾಕ್ಟರ್ ಬಸು, ಐವತ್ತರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆ ಕಲಿತು ಅದನ್ನು ಭಾರತಕ್ಕೆ ತಂದರು. ಅಂತೂ ನನ್ನ ತಲೆಯಲ್ಲಿ ಇದೆಲ್ಲ ಕಲಸಿಹೋಗಿ, ಚೀನೀ ಸೀಸೆ ಎಂದರೆ ಕೋಟ್ನಿಸರೇ ಕಳಿಸಿದ ಪ್ರಸಾದ ಎಂಬಂತಾಗಿತ್ತು!

ಕಲಬುರಗಿ ದಾಟಿತು, ಹಾಸುಗಲ್ಲಿನ ಶಹಾಬಾದ್ ದಾಟಿತು, ಸಿಮೆಂಟಿನ ವಾಡಿ ಜಂಕ್ಷನ್ ಬಂತು. ಆಮೇಲೆ ಯಾದಗಿರಿ. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಊರು. ಊರ ಮೇಲೆ ಬಂಡೆಗಳ ಗುಡ್ಡ, ಗುಡ್ಡದ ಮೇಲೆ ಕೋಟೆ. ನೋಡಲು ಪುರುಸೊತ್ತಿರಲಿಲ್ಲ, ಬಸ್ಸು ಹಿಡಿದೆ. ಊರ ಹೊರಗೆ ಭೀಮಾ ನದಿಯ ಸೇತುವೆ ದಾಟಿದರೆ ಭೀಮೆ ಕೃಷ್ಣೆಯರ ನಡುವಿನ ಕಪ್ಪು ನೆಲ. ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು, ಹತ್ತಿ ಬಿಳಿ ಬಿಳಿಯಾಗಿ ಒಡೆದಿತ್ತು, ನಡುನಡುವೆ ಕಾಲುವೆ ನೀರಿನ ಭತ್ತದ ಗದ್ದೆ. ಬಿಳಿಜೋಳ ಮೊಣಕಾಲೆತ್ತರ ದಾಟಿತ್ತು. ಶಹಾಪುರ ಹತ್ತಿರವಾದಂತೆ ಬೆಟ್ಟದ ಸಾಲಿನಲ್ಲಿ ಬುದ್ಧ ಮಲಗಿದ್ದ. ಯಾರೂ ಕೆತ್ತಿದ್ದಲ್ಲ, ನಾಲ್ಕು ಗುಡ್ಡಗಳು ಸೇರಿ ಹಣೆ, ಮೂಗು, ಎದೆ, ಕಾಲು ಆಗಿವೆ. ಪಕ್ಕದಲ್ಲಿದ್ದ ಮುದುಕಿ ಬೆರಳು ಮಾಡಿ ತೋರಿಸಿ, “ನೋಡವ್ವ, ಮಕ್ಕೊಂಡಾನ, ನಮಗ ನಿದ್ದಿ ಇಲ್ಲ” ಎಂದಳು. ನನ್ನ ಮುಖ ನೋಡಿಯೇ ಹೇಳಿದಳೇನೋ.

ಅಕ್ಕ ಬಾಗಿಲಲ್ಲೇ ನಗುತ್ತ ನಿಂತಿದ್ದಳು, ತುಂಬು ತೋಳಿನ ರವಿಕೆ ಹಾಕಿಕೊಂಡು. ತೋಳು ಮೇಲೆ ಮಾಡಿಸಿದೆ. ಹುಣಸೆಬೀಜದಿಂದ ಹಿಡಿದು ಅಂಗೈಯಗಲದವರೆಗೆ ಕಲೆಗಳು. ಡಾಕ್ಟರು ರಕ್ತಕ್ಕೆ ಕಳಿಸಿದ್ದರು, ಸಂಜೆ ಇಬ್ಬರೂ ಹೋದೆವು. ಇಂಥ ಕವಾಟದವರಿಗೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಅಂಕಿ, ಐಎನ್‌ಆರ್ ಅನ್ನುತ್ತಾರಲ್ಲ, ಅದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕಂತೆ. ಅಕ್ಕನದು 5.6 ಇತ್ತು. “ಹೊಸದಾಗಿ ಏನು ತಗೊಂಡ್ರಿ?” ಎಂದು ಕೇಳಿದರು. ನಾನೇ ಚೀಲದಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟೆ.

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಏರಿಸಿ ಸಣ್ಣಕ್ಷರ ಓದಿ, ಒಂದು ಹೆಸರಿನ ಮೇಲೆ ಬೆರಳಿಟ್ಟರು: ದಾಂಗ್ ಗುಯಿ. ಚೀನಾದಲ್ಲಿ ಹೆಂಗಸರ ಬೇರು ಎಂದೇ ಹೆಸರಾದದ್ದು, ನಮ್ಮ ಅಜವಾನ ಕೊತ್ತಂಬರಿಯ ಕುಲದ ಗಿಡ. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆಯ ಜೊತೆ ಇದು ಸೇರಿದರೆ ಆ ಗುಳಿಗೆಯ ಬಲ ಹೆಚ್ಚುತ್ತದೆ. 1999ರಲ್ಲಿ ಅಮೆರಿಕದಲ್ಲಿ ವರದಿಯಾದ ಒಂದು ಪ್ರಕರಣವೂ ಹೀಗೆಯೇ: 46 ವರ್ಷದ ಹೆಂಗಸು, ವಾರ್ಫರಿನ್ ಮೇಲಿದ್ದವಳು, ನಾಲ್ಕು ವಾರ ಈ ಬೇರು ತಿಂದಳು, ಅಂಕಿ ಎರಡು ಪಟ್ಟಿಗಿಂತ ಮೇಲೇರಿತು, ಬೇರು ಬಿಟ್ಟ ಮೇಲೆ ಇಳಿಯಿತು. ಗುಳಿಗೆಯ ಎರಡು ಹೊತ್ತು ತಪ್ಪಿಸಲು ಹೇಳಿ, ನಾಲ್ಕನೆಯ ದಿನ ಮತ್ತೆ ರಕ್ತ ತೋರಿಸಲು ಹೇಳಿದರು. ತಲೆನೋವು ಜೋರಾದರೆ, ಮಲ ಕಪ್ಪಾದರೆ, ಹೊತ್ತು ನೋಡದೆ ಬನ್ನಿ ಅಂದರು. (ನಿಮ್ಮಲ್ಲಿ ಯಾರಿಗಾದರೂ ಇಂಥ ಗುಳಿಗೆ ಇದ್ದರೆ, ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಕವಾಟದ ಮೇಲೆ ರಕ್ತ ಗಟ್ಟಿಯಾಗುತ್ತದೆ, ಅದು ಇನ್ನೂ ಕೆಟ್ಟದ್ದು.)

ಮಾರನೆಯ ದಿನ ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲದಿದ್ದರೆ ಈ ಸೀಮೆಯಲ್ಲಿ ಹಬ್ಬವೇ ಅಲ್ಲ. ಅಕ್ಕ ಮನೆಯಲ್ಲಿ ಕೂರುತ್ತಾಳೆಯೇ? ಕುಡುಗೋಲು ಮುಟ್ಟಬಾರದು, ಬೀಳಬಾರದು ಎಂದು ಹೇಳಿ ಕರೆದೊಯ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಮತ್ತೆ ಭಜ್ಜಿ. ಭಜ್ಜಿ ಎಂದರೆ ನಿಮ್ಮ ಕಡೆಯ ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಹಸಿ ತೊಗರಿಕಾಳು, ಅವರೆ, ಹಸಿ ಕಡಲೆ, ಮೆಂತ್ಯಸೊಪ್ಪು, ಕಡಲೆಸೊಪ್ಪು, ಗಜ್ಜರಿ, ಬದನೆ, ಕೈಗೆ ಸಿಕ್ಕಿದ್ದನ್ನೆಲ್ಲ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಹಾಕಿ, ಹಸಿಮೆಣಸು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಪಲ್ಯ. ಅಕ್ಕನಿಗೆ ಮಾತ್ರ ಡಾಕ್ಟರ ಮಾತಿತ್ತು: ಸೊಪ್ಪು ಬಿಡಬೇಡಿ, ಆದರೆ ಒಂದು ದಿನ ರಾಶಿ, ಆರು ದಿನ ಇಲ್ಲ ಅಂತ ಮಾಡಬೇಡಿ, ದಿನಾ ಒಂದೇ ಅಳತೆ ಇರಲಿ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಗುಳಿಗೆಗೆ ಎದುರು ಕೆಲಸ ಮಾಡುತ್ತದೆ.

ಊಟವಾದ ಮೇಲೆ ಬೇವಿನ ನೆರಳಿಗೆ ಏಳೆಂಟು ಹೆಂಗಸರು ಕೂತೆವು. ನನ್ನ ಸೀಸೆಯ ಕಥೆ ಆಗಲೇ ಊರಿಗೆ ಗೊತ್ತಾಗಿತ್ತು. ಹಿರಿಯಳೊಬ್ಬಳು, “ನಮ್ಮ ಕಾಲದಾಗ ಮುಟ್ಟು ನಿಂತ್ರ ಪೀಡಾ ಹೋತು ಅಂತಿದ್ವಿ. ಇದಕ್ಕೂ ಮದ್ದೇನವ್ವ?” ಎಂದಳು. ಇನ್ನೊಬ್ಬಳು, “ಪೀಡಾ ಹೋತು ಖರೆ, ಶುಗರ್ ಬಂತಲ್ಲ” ಎಂದಳು. ಎಲ್ಲರೂ ನಕ್ಕರು. ಆದರೆ ಅವಳ ಮಾತಿನಲ್ಲಿ ವಿಷಯವಿತ್ತು.

ಸೊಲ್ಲಾಪುರಕ್ಕೆ ಬಂದ ಮೇಲೆ ನನ್ನ ಡಾಕ್ಟರಮ್ಮನ ಹತ್ತಿರ ಕೂತು ಕೇಳಿ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಅದಕ್ಕೆ ನಾಲ್ಕಾರು ವರ್ಷ ಮೊದಲೇ ಅಂಡಾಶಯದ ಈಸ್ಟ್ರೋಜೆನ್ ರಸ ಏರುಪೇರಾಗಿ, ಕೊನೆಗೆ ಇಳಿಯುತ್ತದೆ. ಇದು ಬರೀ ಬಸಿರಿನ ರಸವಲ್ಲ. ಕೊಬ್ಬು ಎಲ್ಲಿ ಕೂರಬೇಕು, ಸಕ್ಕರೆ ಹೇಗೆ ಖರ್ಚಾಗಬೇಕು, ಎಲುಬಿನ ಸುಣ್ಣ ಎಷ್ಟು ಉಳಿಯಬೇಕು ಎಂಬುದಕ್ಕೂ ಅದರ ಮಾತು ನಡೆಯುತ್ತದೆ. ಅದು ಇಳಿದಾಗ ತೊಡೆ, ನಿತಂಬಕ್ಕೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ಹೊಟ್ಟೆಯ ಒಳಕೊಬ್ಬು ಇನ್ಸುಲಿನ್ನಿನ ಕೈ ಕಟ್ಟುತ್ತದೆ. ಜೊತೆಗೆ ವಯಸ್ಸಿನಿಂದ ಮಾಂಸಖಂಡ ಕರಗುತ್ತದೆ. ತಿಂದ ಸಕ್ಕರೆಯನ್ನು ಸುಡುವ ಒಲೆಯೇ ಅದು. ಒಲೆ ಸಣ್ಣದಾಯಿತು, ಸೌದೆ ಅಷ್ಟೇ ಇದೆ, ಉಳಿದದ್ದು ಎಲ್ಲಿಗೆ ಹೋಗಬೇಕು? ನನ್ನ ರವಿಕೆಗೆ! ಅಮೆರಿಕದಲ್ಲಿ 1996ರಿಂದ 3 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷ ವರ್ಷ ಪರೀಕ್ಷಿಸುತ್ತ ಬಂದ ಅಧ್ಯಯನವೊಂದಿದೆ. ಕೊನೆಯ ಮುಟ್ಟಿಗೆ ಎರಡು ವರ್ಷ ಮುಂಚೆ ಬೊಜ್ಜು ಸೇರುವ ವೇಗ ಸುಮಾರು ಇಮ್ಮಡಿಯಾಗುತ್ತದೆ, ಕೊನೆಯ ಮುಟ್ಟಿನ ಆಸುಪಾಸಿನ ವರ್ಷದಲ್ಲಿ ಕೆಟ್ಟ ಕೊಲೆಸ್ಟರಾಲ್ ಜಿಗಿಯುತ್ತದೆ, ಎಲುಬು ಸವೆಯುವುದೂ ಆಗಲೇ ಜೋರು ಎಂದು ಅದರಿಂದ ತಿಳಿಯಿತು. ಪದೇ ಪದೇ ಝಳ ಬರುವವರಲ್ಲಿ ಅದು ಒಟ್ಟು ಏಳು ವರ್ಷಕ್ಕೂ ಮೇಲೆ ಇರುವುದುಂಟಂತೆ. ನನ್ನ ಖಾಲಿಹೊಟ್ಟೆಯ ಸಕ್ಕರೆ 112 ಬಂತು. ನೂರರ ಮೇಲೆ ಬಂದರೆ ಎಚ್ಚರ, 126 ಮುಟ್ಟಿದರೆ ಕಾಯಿಲೆ. ಸೊಂಟದ ಸುತ್ತಳತೆ ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕಂತೆ. ಟೇಪು ನಿಮ್ಮ ಮನೆಯಲ್ಲೂ ಇದೆ ತಾನೇ?

ಹಾಗಾದರೆ ಚೀನೀ ವೈದ್ಯರು ಹೇಳುವುದೇನು? ಎರಡು ಸಾವಿರ ವರ್ಷದಷ್ಟು ಹಳೆಯ ಹಳದಿ ಚಕ್ರವರ್ತಿಯ ವೈದ್ಯಗ್ರಂಥದಲ್ಲಿ ಹೆಣ್ಣಿನ ಆಯುಷ್ಯವನ್ನು ಏಳೇಳು ವರ್ಷವಾಗಿ ಎಣಿಸಿದ್ದಾರೆ. ಎರಡು ಏಳಕ್ಕೆ ಋತು, ಏಳು ಏಳು ನಲವತ್ತೊಂಬತ್ತಕ್ಕೆ ಅದರ ಮುಗಿತಾಯ. ಎಷ್ಟು ಸರಿಯಾದ ಲೆಕ್ಕ! ಅವರ ಪ್ರಕಾರ ಮೂತ್ರಪಿಂಡದಲ್ಲಿ ಹುಟ್ಟಿನಿಂದ ಬಂದ ಸತ್ವವಿದೆ. ಅದರ ತಂಪಿನ, ನೀರಿನ ಭಾಗ ಯಿನ್, ಬೆಂಕಿಯ ಭಾಗ ಯಾಂಗ್. ವಯಸ್ಸಾದಂತೆ ಯಿನ್ ಬತ್ತಿದರೆ ಬೆಂಕಿ ಮೇಲೇರಿ ಝಳ, ಬೆವರು, ನಿದ್ದೆಗೇಡು. ಇದನ್ನು ನಾನು ಬೇವಿನ ನೆರಳಲ್ಲಿ ಹೇಳಿದಾಗ ಆ ಹಿರಿಯಳು, “ಉಷ್ಣ ಅಂತ ನಾವೂ ಅಂತೀವಲ್ಲವ್ವ, ಅಂಬಲಿ ಕುಡೀ ಅಂತೀವಿ” ಎಂದಳು. ನಿಜವೇ. ಅವರೂ ಗಂಜಿ ಕುಡಿಯುತ್ತಾರೆ, ಹೆಸರುಕಾಳು ತಂಪು ಎನ್ನುತ್ತಾರೆ, ಕರಿ ಎಳ್ಳನ್ನು ಈ ವಯಸ್ಸಿಗೆ ಒಳ್ಳೆಯದೆನ್ನುತ್ತಾರೆ. ಆ ದಿನ ನಮ್ಮ ತಟ್ಟೆಯ ರೊಟ್ಟಿಯ ಮೇಲೆಲ್ಲ ಎಳ್ಳೇ!

ಅವರ ಕಷಾಯಗಳಲ್ಲಿ ಒಂದು ಆರು ಮೂಲಿಕೆಯ ರೆಹ್ಮಾನಿಯಾ ಗುಳಿಗೆ. ಅದನ್ನು ಸಾಂಗ್ ರಾಜರ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ ಮಾಡಿದ್ದು ಮಕ್ಕಳಿಗೆ. ಈಗ ಅಜ್ಜಿಯರು ನುಂಗುತ್ತಾರೆ. ಇನ್ನೊಂದು ‘ಇಬ್ಬರು ಅಮರರ ಕಷಾಯ’. ಹೆಸರು ಪುರಾಣದ್ದಾದರೂ ಹುಟ್ಟಿದ್ದು 1950ರ ದಶಕದ ಶಾಂಘೈಯಲ್ಲಿ, ಮುಟ್ಟು ನಿಲ್ಲುವ ಕಾಲದ ತೊಂದರೆಗೆಂದೇ. ಅದರ ಒಬ್ಬ ಅಮರ ನಮ್ಮ ಆಯುರ್ವೇದದ ತಾಳಮೂಲಿಯೇ, ಕರಿ ಮುಸಲಿ ಎನ್ನುತ್ತಾರಲ್ಲ ಅದು.

ಪ್ರಯೋಜನವಿದೆಯೇ ಎಂದು ಕೇಳುತ್ತೀರಿ. ದಾಂಗ್ ಗುಯಿ ಒಂದನ್ನೇ 1997ರಲ್ಲಿ ಅಮೆರಿಕದಲ್ಲಿ 71 ಹೆಂಗಸರ ಮೇಲೆ ಪರೀಕ್ಷಿಸಿದರು. ಝಳಕ್ಕೆ ಹುಸಿ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಒಂದೇ ಬೇರು ಕೊಡುವುದು ನಮ್ಮ ಪದ್ಧತಿಯಲ್ಲ, ಕೂಡಿಸಿ ಕೊಡಬೇಕು ಎಂದು ಚೀನೀ ವೈದ್ಯರು ಹೇಳುತ್ತಾರೆ. ಆ ಮಾತಿನಲ್ಲಿ ನ್ಯಾಯವಿದೆ. ಸೂಜಿಚಿಕಿತ್ಸೆಯನ್ನು ಆಸ್ಟ್ರೇಲಿಯಾದಲ್ಲಿ, ಯಿನ್ ಬತ್ತಿದವರೆಂದು ಅವರದೇ ರೀತಿಯಲ್ಲಿ ಗುರುತಿಸಿದ 327 ಹೆಂಗಸರಿಗೆ ಮಾಡಿ 2016ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ನಿಜವಾದ ಸೂಜಿ, ಅರ್ಧ ಜನಕ್ಕೆ ಚುಚ್ಚದ ಮೊಂಡು ಸೂಜಿ. ಎರಡೂ ಗುಂಪಿನಲ್ಲಿ ಝಳ ಸುಮಾರು ಶೇಕಡಾ 40 ಇಳಿಯಿತು! ಯಾರೋ ಅರ್ಧ ಗಂಟೆ ಮಲಗಿಸಿ, ಹೇಗಿದ್ದೀಯಮ್ಮ ಎಂದು ಕೇಳಿದರೆ ಇಳಿಯುವಂಥದ್ದು ಅದರಲ್ಲಿ ಇದೆಯೆಂದಾಯಿತು. ನನ್ನ ಸೀಸೆಯೂ ಅದನ್ನೇ ಮಾಡಿತ್ತೇನೋ. ಇನ್ನು ಸಕ್ಕರೆ, ಸೊಂಟ ಇಳಿಸುತ್ತೇವೆಂಬ ಪೊಟ್ಟಣಗಳ ವಿಷಯದಲ್ಲಿ ನನಗೆ ಭಯವೇ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆಯ ಗುಳಿಗೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟಿತು. ಒಂದು ಮೂಲಿಕೆಯ ಬದಲು ಹೆಸರಿನಲ್ಲಿ ಹೋಲುವ ಇನ್ನೊಂದು, ಈಶ್ವರಿ ಬಳ್ಳಿಯ ಕುಲದ ವಿಷದ ಬೇರು, ಸೇರಿಹೋಗಿತ್ತು. ತಿಂದವರಿಗೆ ಅದು ಹೇಗೆ ಗೊತ್ತಾಗಬೇಕು?

ಬೇವಿನ ನೆರಳಿನಲ್ಲಿ ಒಬ್ಬಳು ಮಾತ್ರ ನಗದೆ ಕೂತಿದ್ದಳು. ವಯಸ್ಸು 38. “ನನಗ ಆರು ವರ್ಷ ಆತು, ಬೆಂಕ್ಯಾಗ ಕುಂತಾಂಗ ಆಗ್ತದ” ಎಂದಳು. ಬಿಳಿಸೆರಗು, ಹೊಟ್ಟೆನೋವು ಎಂದು ತೋರಿಸಲು ಹೋದವಳಿಗೆ, ಬಿಟ್ಟರೆ ಕ್ಯಾನ್ಸರ್ ಆದೀತು ಎಂದು ಹೆದರಿಸಿ 32ಕ್ಕೇ ಗರ್ಭಚೀಲ ತೆಗೆದಿದ್ದರು. ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿಲ್ಲ; ಕಾಗದ ಕೊಟ್ಟಿಲ್ಲ. ಅವಳೊಬ್ಬಳೇ ಅಲ್ಲ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರಿಗೆ, ಅದರಲ್ಲೂ ತಾಂಡಾಗಳ ಲಂಬಾಣಿ ಹೆಂಗಸರಿಗೆ, ಬೇಕಿಲ್ಲದ ಗರ್ಭಚೀಲದ ಆಪರೇಷನ್ ಮಾಡಿದ ಸಂಗತಿ 2015ರ ಹೊತ್ತಿಗೆ ಹೊರಬಿದ್ದು, ಸರಕಾರದ ವಿಚಾರಣೆ ನಡೆದು, ಹೆಂಗಸರೇ ಬೀದಿಗಿಳಿದಿದ್ದರು. ನನ್ನ 47ರ ದೂರು ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಯಾರಾದರೂ ಮೊದಲ ಭೇಟಿಯಲ್ಲೇ ಚೀಲ ತೆಗೆಯೋಣ ಎಂದರೆ, ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಹ್ಞೂಂ ಎನ್ನಬೇಡಿ. ಅದೇ ಹೊತ್ತಿಗೆ, ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಅದನ್ನು ಮುಚ್ಚಿಟ್ಟುಕೊಂಡು ಕೂರಬೇಡಿ. ಆ ಹುಡುಗಿಗೆ (ನನಗೆ ಹುಡುಗಿಯೇ) ಎಲುಬಿನ ಪರೀಕ್ಷೆ ಮಾಡಿಸಲು, ಬೇಕಾದರೆ ಹಾರ್ಮೋನಿನ ಮಾತ್ರೆ ಕೇಳಲು ಜಿಲ್ಲಾ ಆಸ್ಪತ್ರೆಗೆ ಹೋಗೆಂದು ಅಕ್ಕ ಹೇಳಿದಳು. 2002ರ ದೊಡ್ಡ ಅಧ್ಯಯನದ ನಂತರ ಆ ಮಾತ್ರೆಯೆಂದರೆ ಎಲ್ಲರೂ ಹೆದರಿದ್ದರು. ಈಗ ಅರವತ್ತರೊಳಗಿನವರಿಗೆ, ಹೃದಯ, ಸ್ತನ, ರಕ್ತ ಹೆಪ್ಪಿನ ತೊಂದರೆ ಇಲ್ಲದವರಿಗೆ ಡಾಕ್ಟರು ನೋಡಿ ಕೊಡುತ್ತಾರೆ. ಅಕ್ಕನಂಥವರಿಗೆ ಅದು ಸುಲಭವಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ರಕ್ತ ಕೊಟ್ಟೆವು. ಸಂಜೆಯತನಕ ಮನೆಯಲ್ಲಿ ಕೂತರೆ ನನಗೆ ಹುಚ್ಚು ಹಿಡಿಯುತ್ತದೆಂದು ಅಕ್ಕನ ಸೊಸೆ ಸುರಪುರಕ್ಕೆ ಹೊರಡಿಸಿದಳು. ಬಸ್ಸಿಗೆ ಹೆಚ್ಚು ದೂರವಿಲ್ಲ. ಸುತ್ತ ಬೆಟ್ಟ, ಬೆಟ್ಟದ ನಡುವೆ ಊರು. ನಾಯಕ ದೊರೆಗಳ ರಾಜಧಾನಿ. ಒಂದು ಬೆಟ್ಟದ ಮೇಲೆ ಟೇಲರ್ ಮಂಜಿಲ್. ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1841ರಿಂದ ಸುಮಾರು ಹನ್ನೆರಡು ವರ್ಷ ಇಲ್ಲಿದ್ದಾಗ ಕಟ್ಟಿಸಿದ ಬಂಗಲೆ. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎನ್ನುತ್ತಿದ್ದನಂತೆ. ಅದೇ ಹುಡುಗ ಬೆಳೆದು 1858ರಲ್ಲಿ ಆಂಗ್ಲರ ಮೇಲೆ ತಿರುಗಿಬಿದ್ದು, ಸೆರೆಯಾಗಿ, ಅದೇ ವರ್ಷ ಗುಂಡಿಗೆ ಬಲಿಯಾದ. ಟೇಲರನ ಆತ್ಮಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಮಾತ್ರ ಆ ಹುಡುಗನ ತಾಯಿ ರಾಣಿ ಈಶ್ವರಮ್ಮನ ಮೇಲೆ. ಗಂಡ ಸತ್ತ ಮೇಲೆ ರಾಜ್ಯ ನಡೆಸಲು ಹಟ ಹಿಡಿದ ಹೆಂಗಸು. ಅವಳ ಬಗ್ಗೆ ಟೇಲರನಿಗೆ ಒಳ್ಳೆಯ ಮಾತು ಕಡಿಮೆ. ಅವಳೇ ಬರೆದಿದ್ದರೆ ಅವನ ಬಗ್ಗೆ ಏನು ಬರೆಯುತ್ತಿದ್ದಳೋ!

ಏರು ಹತ್ತುವಾಗ ನಾಲ್ಕು ಕಡೆ ನಿಂತೆ. ಸೊಸೆ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಳು. “ದಿನಾ ಮನಿ ಕೆಲಸ ಮಾಡ್ತೀರಿ, ಆದ್ರೂ ಏದುಸಿರು ಬರ್ತದಲ್ಲ ಚಿಕ್ಕಮ್ಮ” ಎಂದಳು. ನಾನೂ ಡಾಕ್ಟರಮ್ಮನಿಗೆ ಇದನ್ನೇ ಕೇಳಿದ್ದೆ. ನಿಂತು ರೊಟ್ಟಿ ತಟ್ಟಿದರೆ ಕಾಲು ನೋಯುತ್ತದೆ, ಆದರೆ ಎದೆಬಡಿತ ಏರುವುದಿಲ್ಲ, ತೊಡೆಯ ಮಾಂಸಖಂಡ ಬೆಳೆಯುವುದಿಲ್ಲ ಎಂದರು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತಬೇಕು. ನೀರು ತುಂಬಿದ ಬಾಟಲಿ ಎರಡು ಕೈಯಲ್ಲಿ ಹಿಡಿದರೂ ಸಾಕು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ಸಾಕು. ಚೀನಾದ ಹಿರಿಯರು ಬೆಳಿಗ್ಗೆ ಬಯಲಲ್ಲಿ ನಿಧಾನವಾಗಿ ಮಾಡುವ ತಾಯ್ ಚಿ ಕೂಡ ಒಳ್ಳೆಯದೇ. ವಯಸ್ಸಾದವರು ಬೀಳುವುದು ಅದರಿಂದ ಕಮ್ಮಿಯಾಗುತ್ತದೆಂದು ಪರೀಕ್ಷೆಗಳಲ್ಲಿ ಕಂಡಿದೆ. ಚೀನಾದಿಂದ ನಾನು ಮೊದಲು ಅದನ್ನು ತರಿಸಿಕೊಳ್ಳಬೇಕಿತ್ತು! ಊಟದಲ್ಲಿ ಎರಡನೆಯ ರೊಟ್ಟಿಯ ಬದಲು ಒಂದು ಸೌಟು ತೊಗರಿಬೇಳೆ ಕಟ್ಟಿಯಾಗಿ, ಮೊಳಕೆಕಾಳು, ಮಜ್ಜಿಗೆ. ಶೇಂಗಾ ಹಿಂಡಿ ಒಂದು ಚಮಚೆ, ಬಟ್ಟಲಲ್ಲ. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಬರುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವಲ್ಲ, ಅದು ಸುಳ್ಳಂತೆ. ಅಕ್ಕಿಗಿಂತ ವಾಸಿ, ಅಷ್ಟೇ.

ಮೇಲೆ ಹತ್ತಿ ಬಂಗಲೆಯ ಮುಂದೆ ಕೂತೆವು. ಕೆಳಗೆ ಊರಿನ ಮಾಳಿಗೆಗಳು, ಆಚೆ ಬಂಡೆ, ಅದರಾಚೆ ಹಸಿರು. ಝಳ ಬಂತು. ಗಾಳಿಗೆ ಸೆರಗು ಬಿಟ್ಟುಕೊಂಡು ಸುಮ್ಮನೆ ಕೂತೆ, ಹೋಯಿತು. ಇಳಿಯುವಾಗ ಫೋನು ಬಡಿಯಿತು. ಅಕ್ಕ.

“ಮೂರು ಪಾಯಿಂಟ್ ಒಂದು ಬಂದದ,” ಎಂದಳು. “ಇನ್ನ ಅಳಬ್ಯಾಡ. ಬರುವಾಗ ಸುರಪುರ ಸಂತ್ಯಾಗ ಕರಿ ಎಳ್ಳು ಸಿಕ್ಕರ ಅರ್ಧ ಕಿಲೋ ತಗೊಂಡು ಬಾ. ಡಾಕ್ಟರಿಗೆ ಕೇಳೇ ಹೇಳ್ಲಿಕ್ಕತ್ತೀನಿ.”